ಹೊಟ್ಟಿಲ್ಲದ ಕಾಳು

ಮಧುಗಿರಿ

ವಿದೇಶಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಎರಡೇ ಪ್ರಶ್ನೆ ಕೇಳುತ್ತಾರೆ: ಚಳಿ ಹೆಂಗಿತ್ತು, ಊಟಕ್ಕೆ ಏನು ಮಾಡ್ಕೊಂಡ್ರಿ. ಚಳಿ ಇತ್ತು. ಊಟಕ್ಕೆ ಬ್ರೆಡ್ಡು, ಆಲೂಗಡ್ಡೆ, ಮರುದಿನ ಆಲೂಗಡ್ಡೆ, ಬ್ರೆಡ್ಡು. ಅಲ್ಲಿಗೆ ಆ ಎರಡೂ ಮುಗಿದವು. ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಪ್ರವಾಸ ಕಥನ ಬರೆದುಕೊಡಿ ಎಂದು ಪ್ರಾಂಶುಪಾಲರು ಕೇಳಿದಾಗ ಅವರ ಮನಸ್ಸಿನಲ್ಲಿ ಇದ್ದದ್ದು ನದಿ, ಸೇತುವೆ, ಅರಮನೆ ಮತ್ತು ನಾನು ಕೋಟು ತೊಟ್ಟು ನಿಂತ ಒಂದು ಫೋಟೋ. ಅವು ಯಾವುವೂ ಇದರಲ್ಲಿ ಇಲ್ಲ. ಅವರು ಇದನ್ನು ಅಚ್ಚು ಹಾಕಿಸುತ್ತಾರೋ ಇಲ್ಲವೋ ಅದೂ ಗೊತ್ತಿಲ್ಲ.

ನಾನು ಮಧುಗಿರಿಯಲ್ಲಿ ಪಿಯು ಮಕ್ಕಳಿಗೆ ಸಸ್ಯಶಾಸ್ತ್ರ ಹೇಳಿಕೊಡುವವಳು, ಹುಟ್ಟಿದ್ದು ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಲ್ಲಿ. ಮೂರು ಬೇಸಿಗೆಯ ಹಿಂದೆ ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯಿಂದಾಚೆ, ಕಡ್ಲೆಕಾಯಿ ಹೊಲಗಳ ನಡುವಿನ ಒಂದು ದಿಬ್ಬವನ್ನು ಪುರಾತತ್ವದವರು ಅಗೆದರು. ಅವರ ಜೊತೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದವರೂ ಇದ್ದರು. ಮಡಕೆ, ಕಲ್ಲಿನ ಕೊಡಲಿ, ಮೂಳೆ, ಇವಕ್ಕೆಲ್ಲ ಬೇರೆ ಬೇರೆ ತಜ್ಞರು. ಕಾಳಿಗೆ ಮಾತ್ರ ಯಾರೂ ಇರಲಿಲ್ಲ. ಹತ್ತಿರದಲ್ಲೇ ಒಬ್ಬಳು ಸಸ್ಯಶಾಸ್ತ್ರದ ಮೇಡಂ ಇದ್ದಾಳೆ ಎಂದು ಯಾರೋ ಹೇಳಿ ನನ್ನನ್ನು ಕರೆಸಿದರು.

ಸಾವಿರಾರು ವರ್ಷದ ಹಿಂದೆ ತಿಂದ ಕಾಳು ಹೊಟ್ಟೆಗೆ ಹೋಯಿತು, ಮಣ್ಣಿಗೆ ಬಿದ್ದದ್ದು ಕೊಳೆತು ಹೋಯಿತು. ಒಲೆಗೆ ಸಿಡಿದು ಬಿದ್ದು ಸೀದು ಕರಿಯಾದದ್ದು ಮಾತ್ರ ಉಳಿಯುತ್ತದೆ. ಅಗೆದ ಮಣ್ಣನ್ನು ನೀರಿನ ಡ್ರಮ್ಮಿಗೆ ಸುರಿದು ಕದಡಿದರೆ ಸೀದ ಕಾಳು, ಸೀದ ಹೊಟ್ಟು, ಇದ್ದಿಲ ಚೂರು ಮೇಲೆ ತೇಲುತ್ತವೆ. ಅದನ್ನು ತೆಳು ಬಟ್ಟೆಯಲ್ಲಿ ಸೋಸಿ, ನೆರಳಲ್ಲಿ ಒಣಗಿಸಿ, ಯಾವ ಆಳದ್ದು ಎಂದು ಚೀಟಿ ಹಚ್ಚಿ ಚೀಲಕ್ಕೆ ತುಂಬಬೇಕು. ಆ ಊರಿನ ಐವರು ಹೆಂಗಸರು ನನ್ನ ಕೈಕೆಳಗೆ ಇದ್ದರು. ಅವರಲ್ಲಿ ಹಿರಿಯರು ನರಸಮ್ಮ. ಐವತ್ತೈದರ ಆಸುಪಾಸು, ಸ್ವಂತದ ಎರಡೆಕರೆ ಕಡ್ಲೆಕಾಯಿ, ಉಳಿದ ದಿನ ಹೊಸಕೋಟೆಯ ಮಂಡಿಗಳಲ್ಲಿ ಬೀಜ ಆರಿಸುವ ಕೆಲಸ. ಆ ಕೈಗೆ ಬಿದ್ದ ಕಾಳಿನಲ್ಲಿ ಒಂದು ಹರಳೂ ಉಳಿಯುತ್ತಿರಲಿಲ್ಲ.

ತುಂಬಿದ ಚೀಲಗಳನ್ನು ಪ್ರೊಫೆಸರ್ ಹ್ಯಾರಿಯೆಟ್ ಎಂಬ ಹೆಂಗಸು ಇಂಗ್ಲೆಂಡಿಗೆ ತೆಗೆದುಕೊಂಡು ಹೋದರು. ಎರಡು ವರ್ಷದ ಮೇಲೆ ಅವರಿಂದ ಪತ್ರ ಬಂತು. ಮೂರು ತಿಂಗಳು ಬಂದು ನಮ್ಮ ಪ್ರಯೋಗಾಲಯದಲ್ಲಿ ಕೆಲಸ ಮಾಡಿ, ಸರಿಹೋದರೆ ಪಿಎಚ್‌ಡಿ ಸೀಟಿನ ವಿಚಾರ ನೋಡೋಣ ಎಂದು ಇತ್ತು. ನನಗೆ ನಲವತ್ತೊಂದು. ನನ್ನ ಜೊತೆಯವರೆಲ್ಲ ಮೊಣಕಾಲು ನೋವಿನ ಎಣ್ಣೆಯ ಬಗ್ಗೆ ಮಾತಾಡುವ ವಯಸ್ಸು. ನನಗೆ ಆ ಸೀಟು ಬೇಕಿತ್ತು, ತುಂಬಾ ಬೇಕಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಆದದ್ದೆಲ್ಲ ಈ ಆಸೆಯಿಂದಲೇ ಆಯಿತು.

ಶಿರಾ

ಹಳೇ ಕಾಳನ್ನು ಗುರುತಿಸಲು ಈಗಿನ ಕಾಳು ಬೇಕು. ಈಗಿನದನ್ನು ಒಲೆಯಲ್ಲಿ ಸುಟ್ಟು, ಎರಡನ್ನೂ ಪಕ್ಕಪಕ್ಕ ಇಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹುರುಳಿ ನಮ್ಮ ಮನೆಯಲ್ಲೇ ಇತ್ತು. ಸಾಮೆ ಹುಲಿಕುಂಟೆಯ ಒಬ್ಬ ವಿದ್ಯಾರ್ಥಿನಿಯ ತಂದೆ ಕೊಟ್ಟರು. ಕೊರಲೆಗೆ ಶಿರಾದ ಬಾಷಾ ಸಾಹೇಬರ ಅಂಗಡಿಗೆ ಹೋದೆ. ಕೊರಲೆ ಗೊತ್ತಿಲ್ಲದವರು ನಮ್ಮ ನಾಲ್ಕು ತಾಲ್ಲೂಕಿನಲ್ಲಿ ಕಡಿಮೆ. ಹುಣಸೆ ಮರದ ನೆರಳಲ್ಲೂ ಬೆಳೆಯುವ ಸಣ್ಣ ಧಾನ್ಯ ಅದು. ಬೇರೆ ಜಿಲ್ಲೆಯವರಿಗೆ ಅದರ ಹೆಸರು ಹೇಳಿದರೆ ಮುಖ ನೋಡುತ್ತಾರೆ.

"ಕೊರಲೆನಾ? ಯಾಕ್ ಮೇಡಂ, ಶುಗರಾ?" ಎಂದರು ಸಾಹೇಬರು. ಈಗ ಅದನ್ನು ಕೊಳ್ಳುವವರೆಲ್ಲ ಡಾಕ್ಟರು ಹೇಳಿದ ಮೇಲೆ ಬರುವವರಂತೆ.

ನನಗೆ ಬೇಕಿದ್ದದ್ದು ಕೇರದ ಕೊರಲೆ. ಹೊಟ್ಟು, ಕಡ್ಡಿ, ಕಳೆ ಬೀಜ ಎಲ್ಲ ಇರಬೇಕು ಎಂದೆ. ಅವರು ಮೂಟೆಯಿಂದ ತೆಗೆದು ಮೊರಕ್ಕೆ ಹಾಕಿ ಕೇರಲು ಒಳಗೆ ಕೊಟ್ಟುಬಿಟ್ಟರು. ಒಳಗಿಂದ ಚೊಕ್ಕವಾಗಿ ಬಂತು. ಮತ್ತೆ ಹೇಳಿದೆ.

"ಕಸ ಇರೋದು ಹೆಂಗ್ ಕೊಡ್ಲಿ ಮೇಡಂ? ನೀವು ವಿಲಾಯತಿಗೆ ತಗೊಂಡ್ ಹೋಗ್ತೀನಿ ಅಂತೀರ. ಶಿರಾದಿಂದ ಬಂದಿದ್ದು ಅಂತ ಅವ್ರು ನೋಡಿದ್ರೆ ನಮ್ ಇಜ್ಜತ್ ಏನಾಗ್ಬೇಕು?"

ನಾನು ಮೇಷ್ಟ್ರ ಧಾಟಿಯಲ್ಲಿ ಕಾಲು ಗಂಟೆ ಪಾಠ ಮಾಡಿದೆ. ಮನೆಯ ಒಲೆಯಲ್ಲಿ ಹೊಟ್ಟು ಸಿಕ್ಕರೆ ಆ ಮನೆಯವರೇ ಬೆಳೆದು, ಒಕ್ಕಣೆ ಮಾಡಿ, ಕೇರಿದ್ದಾರೆ ಎಂದು ಅರ್ಥ. ಬರೀ ಕಾಳು ಸಿಕ್ಕರೆ ಬೇರೆಯವರು ಬೆಳೆದದ್ದನ್ನು ತಂದು ತಿಂದಿದ್ದಾರೆ ಎಂದು ಅರ್ಥ. ಹಾಗಾಗಿ ನಮಗೆ ಕಾಳಿಗಿಂತ ಹೊಟ್ಟೇ ಮುಖ್ಯ ಎಂದೆ. ಸಾಹೇಬರು ಎಲ್ಲ ಕೇಳಿ, ಕೇರದ್ದನ್ನೇ ಪೊಟ್ಟಣ ಕಟ್ಟಿ, ಅಂಗಡಿಯ ಹೆಸರಿದ್ದ ಕಾಗದವನ್ನು ಒಳಮುಖ ಮಾಡಿ ಸುತ್ತಿದರು. ಈ ಪಾಠವನ್ನು ನಾನು ಯಾರಿಗೆ ಮಾಡಬೇಕಿತ್ತೋ ಅವರಿಗೆ ಮಾಡಿರಲಿಲ್ಲ. ಅದು ನನ್ನ ತಲೆಗೆ ಹೊಳೆದದ್ದು ಒಂದೂವರೆ ತಿಂಗಳ ಮೇಲೆ.

ಏರ್‌ಪೋರ್ಟಿನ ಮೇಜು

ಅಲ್ಲಿಯ ಏರ್‌ಪೋರ್ಟಿನಲ್ಲಿ ನಮ್ಮದೇ ಮೈಬಣ್ಣದ ಒಬ್ಬ ಹೆಂಗಸು ನನ್ನ ಪೆಟ್ಟಿಗೆ ತೆಗೆಸಿದಳು. ನಮ್ಮವಳು ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಪೊಟ್ಟಣಗಳನ್ನು ಬಿಚ್ಚಿ, ಕೈಗವಸಿನ ಬೆರಳಲ್ಲಿ ಕೆದಕಿ, "ಇದರಲ್ಲಿ ಮಣ್ಣಿದೆ" ಎಂದಳು. ಇರಲೇಬೇಕು ಎಂದೆ. ಪ್ರೊಫೆಸರ್ ಪತ್ರ ತೋರಿಸಿದೆ. ಅವಳು ಅದನ್ನು ಎರಡು ಸಲ ಓದಿದಳು.

"ಶುದ್ಧ ಮಾಡಿದ ಕಾಳಾಗಿದ್ದರೆ ಮೇಲಿನವರನ್ನು ಕೇಳಿ ನೋಡಬಹುದಿತ್ತು. ಇದು ಆಗುವುದಿಲ್ಲ, ಕ್ಷಮಿಸಿ."

ಹುಲಿಕುಂಟೆಯ ಸಾಮೆ, ತೋವಿನಕೆರೆಯ ಹುರುಳಿ, ಶಿರಾದ ಕೊರಲೆ ಮೂರೂ ಹಳದಿ ಬುಟ್ಟಿಗೆ ಬಿದ್ದವು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ಹತ್ತು ಜನ ಸೇರಿ ಪಂಚಾಯ್ತಿ ಆಗುತ್ತಿತ್ತು. ಅಲ್ಲಿ ನನ್ನ ಹಿಂದೆ ನಿಂತವರೆಲ್ಲ ಗೋಡೆ ನೋಡುತ್ತಿದ್ದರು. ನಾನೂ ಥ್ಯಾಂಕ್ಯೂ ಎಂದು ಹೇಳಿ ಹೊರಗೆ ಬಂದೆ. ಯಾತಕ್ಕೆ ಥ್ಯಾಂಕ್ಯೂ ಎಂದೆ ಎಂದು ಬಸ್ಸಿನಲ್ಲಿ ಕೂತು ನನ್ನ ಮೇಲೇ ಸಿಟ್ಟು ಬಂತು.

ಜೂನ್ ಅವರ ಅಡುಗೆಮನೆ

ನನಗೆ ಬಾಡಿಗೆಗೆ ಕೋಣೆ ಕೊಟ್ಟದ್ದು ಜೂನ್ ಎಂಬ ಎಪ್ಪತ್ತರ ಹೆಂಗಸು. ನಿವೃತ್ತ ನರ್ಸು, ಗಟ್ಟಿ ಜೀವ. ದಿನಕ್ಕೆ ಆರು ಸಲ ಟೀ, ಅರವತ್ತು ಸಲ ಸಾರಿ. ನಾನು ಅವರ ಕಾಲು ತುಳಿದರೂ ಅವರೇ ಸಾರಿ ಅನ್ನುತ್ತಿದ್ದರು.

ಅಲ್ಲಿಯವರು ಪಾತ್ರೆ ತೊಳೆಯುವ ರೀತಿಯನ್ನು ನಾನು ಮರೆಯಲಾರೆ. ತೊಟ್ಟಿಯಲ್ಲಿ ಬಿಸಿನೀರು ತುಂಬಿ, ಸೋಪು ಹಾಕಿ, ತಟ್ಟೆಯನ್ನು ಅದರಲ್ಲಿ ಉಜ್ಜಿ, ನೊರೆ ಸಮೇತ ಎತ್ತಿ ನಿಲ್ಲಿಸುತ್ತಾರೆ. ಆಮೇಲೆ ಬಟ್ಟೆಯಲ್ಲಿ ಒರೆಸುತ್ತಾರೆ. ಅಲ್ಲಿಗೆ ಮುಗಿಯಿತು. ಒಳ್ಳೆ ನೀರಿನಲ್ಲಿ ಒಮ್ಮೆ ಅಲುಬುವುದಿಲ್ಲ. ಅವರು ಟಿವಿ ಮುಂದೆ ಕೂತ ಮೇಲೆ ನಾನು ಸದ್ದಾಗದಂತೆ ಎಲ್ಲವನ್ನೂ ಮತ್ತೆ ತೊಳೆಯುತ್ತಿದ್ದೆ. ನಾಲ್ಕನೇ ದಿನ ಸಿಕ್ಕಿಬಿದ್ದೆ.

"ಇಷ್ಟು ವರ್ಷ ಹೀಗೇ ತಿಂದಿದ್ದೇವೆ, ಇದರಿಂದ ಯಾರೂ ಸತ್ತಿಲ್ಲ," ಎಂದು ಜೂನ್ ನಕ್ಕರು. "ನಿಮಗೆ ಕೈ ಸುಮ್ಮನಿರುವುದಿಲ್ಲ ಅಲ್ಲವೇ?"

ಸುಮ್ಮನಿರುವುದಿಲ್ಲ ಎಂದು ಒಪ್ಪಿಕೊಂಡೆ. ಅಲ್ಲಿಯ ಇನ್ನೊಂದು ಅಭ್ಯಾಸ ನನಗೆ ಇಷ್ಟವಾಯಿತು. ಬಸ್ಸಿನಿಂದ ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ಊರಿಗೆ ಬಂದ ಮೇಲೆ ಪಾವಗಡ ಬಸ್ಸಿನಲ್ಲಿ ನಾನೂ ಹೇಳಿದೆ. ಡ್ರೈವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕ್ರಮ್ಮ, ಸ್ಟಾಪ್ ಮುಂದಕ್ ಹೋಯ್ತಾ?" ಎಂದ.

ಪ್ರಯೋಗಾಲಯ

ಪ್ರಯೋಗಾಲಯದ ಒಂದು ಗೋಡೆ ತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು. ಲೋಕದ ಕಾಳೆಲ್ಲ ಅದರಲ್ಲಿದೆ. ಒಂದು ಡ್ರಾಯರಿನಲ್ಲಿ ಕೊರಲೆಯೂ ಇತ್ತು. ಯಾವ ಕಾಲದಲ್ಲೋ ನಮ್ಮ ಮೈಸೂರು ಸೀಮೆಯಿಂದ ಹೋದದ್ದು. ತಂದ ದೊರೆಯ ಹೆಸರು ಸೊಗಸಾದ ಕೈಬರಹದಲ್ಲಿ ಇತ್ತು. ಬೆಳೆದವನ ಹೆಸರು ಇರಲಿಲ್ಲ. ನನ್ನ ಪೊಟ್ಟಣಗಳನ್ನು ಕಸಕ್ಕೆ ಹಾಕಿದ ಕತೆ ಹೇಳಿದಾಗ ಹ್ಯಾರಿಯೆಟ್ ಬಹಳ ನೊಂದುಕೊಂಡರು, ಆಮೇಲೆ ಈ ಡ್ರಾಯರಿನ ಕಾಳು ಸಾಕು ಎಂದರು.

ಹ್ಯಾರಿಯೆಟ್ ಕೆಟ್ಟವರಲ್ಲ. ತೆಳ್ಳಗೆ, ಉದ್ದಕ್ಕೆ ಇದ್ದರು. ಕೂದಲು ಬೆಳ್ಳಗಿತ್ತು. ಮಾತಿಗೆ ಮೊದಲು ಯೋಚನೆ ಮಾಡುವ ಹೆಂಗಸು. ಎರಡನೇ ವಾರ ಅವರು ಬರೆಯುತ್ತಿದ್ದ ಪ್ರಬಂಧವನ್ನು ನನಗೆ ಓದಲು ಕೊಟ್ಟರು. ನಮ್ಮ ದಿಬ್ಬದ ಬಗ್ಗೆ ಇತ್ತು. ಮೇಲಿನ ಪದರದ ಚೀಲಗಳಲ್ಲಿ ಕಾಳಿನ ಜೊತೆ ಹೊಟ್ಟೂ ಕಳೆ ಬೀಜವೂ ಸಿಕ್ಕಿವೆ. ಎಲ್ಲಕ್ಕಿಂತ ಹಳೆಯದಾದ ಕೆಳಗಿನ ಪದರದಲ್ಲಿ ಶುದ್ಧವಾದ ಕೊರಲೆ, ಶುದ್ಧವಾದ ಹುರುಳಿ, ಮತ್ತೇನೂ ಇಲ್ಲ. ಹೊಟ್ಟಿಲ್ಲ, ಹಾಗಾಗಿ ಒಕ್ಕಣೆ ಇಲ್ಲ. ಒಕ್ಕಣೆ ಇಲ್ಲ, ಹಾಗಾಗಿ ಬೇಸಾಯ ಇಲ್ಲ. ಅಲ್ಲಿಯ ಮೊದಲ ಜನ ಬೇಸಾಯ ತಿಳಿಯದವರು, ಹೊರಗಿನವರು ಬೆಳೆದು ಹಸನು ಮಾಡಿದ ಕಾಳನ್ನು ಪಡೆದು ತಿಂದವರು. ಇದು ಪ್ರಬಂಧದ ಸಾರ.

ನನಗೆ ಉರಿಯಿತು. ವಿಜ್ಞಾನದಲ್ಲಿ ಉರಿಗೆ ಜಾಗವಿಲ್ಲ ಎಂದು ಗೊತ್ತಿದ್ದೂ ಉರಿಯಿತು. ಪಾವಗಡದ ನೆಲದಲ್ಲಿ ಕೊರಲೆಯನ್ನು ಬೇರೆಯವರು ತಂದು ಉಣಿಸಿದರಂತೆ. ಆದರೆ ಚೀಲ ತೆಗೆದು ನೋಡಿದರೆ ಅವರು ಹೇಳಿದ್ದು ನಿಜ. ಒಂದೊಂದು ಕಾಳೂ ಆರಿಸಿಟ್ಟ ಹಾಗಿತ್ತು. ನಾನು ದಿನವೂ ಎಂಟು ಗಂಟೆ ಬಗ್ಗಿ ಕೂತು ಒಂದು ಚೂರು ಹೊಟ್ಟಿಗಾಗಿ ಹುಡುಕಿದೆ. ಇದ್ದಿಲನ್ನು ಬೇರೆ ಚೀಲಕ್ಕೆ ತುಂಬಬೇಕು ಎಂದು ನಾನೇ ಹೇಳಿದ್ದೆ, ಅದು ಬೇರೆ ಚೀಲದಲ್ಲಿ ಸರಿಯಾಗಿಯೇ ಇತ್ತು. ಹೊಟ್ಟು ಎಲ್ಲೂ ಇರಲಿಲ್ಲ.

ಆರನೇ ವಾರ ಒಂದು ಮಧ್ಯಾಹ್ನ ಕಾಳು ನೋಡಿ ಸಾಕಾಗಿ ಚೀಟಿಗಳನ್ನು ನೋಡಿದೆ. ಮೇಲಿನ ಪದರದ ಚೀಟಿಗಳು ನನ್ನ ಅಕ್ಷರದಲ್ಲಿದ್ದವು. ಕೆಳಗಿನ ಪದರದ ಚೀಟಿಗಳು ನರಸಮ್ಮನ ಅಕ್ಷರದಲ್ಲಿದ್ದವು. ಗಡಿಯಾಚೆಯ ತೆಲುಗು ಶಾಲೆಯಲ್ಲಿ ನಾಲ್ಕನೇ ಕ್ಲಾಸು ಓದಿದ ಕೈ ಅದು, ಕನ್ನಡ ಬರೆದರೂ ತೆಲುಗಿನ ತಲೆಕಟ್ಟೇ ಬರುತ್ತದೆ. ಹೊಟ್ಟಿಲ್ಲದ ಚೀಲ ಯಾವುದು ತೆಗೆದರೂ ಅದರ ಮೇಲೆ ಆ ಅಕ್ಷರ. ನಾನು ಸೂಕ್ಷ್ಮದರ್ಶಕದ ದೀಪ ಆರಿಸಿದೆ.

ಫೋನು

ಮರುದಿನ ಜೂನ್ ಮನೆಯ ಹಿತ್ತಲಿಗೆ ಹೋಗಿ ನರಸಮ್ಮನಿಗೆ ವಾಟ್ಸಾಪಿನಲ್ಲಿ ಕರೆ ಮಾಡಿದೆ. ಅಲ್ಲಿ ಬೆಳಿಗ್ಗೆ, ನಮ್ಮ ಕಡೆ ಮಧ್ಯಾಹ್ನ ಕಳೆದಿತ್ತು. ಅವರು ಜಗುಲಿಯಲ್ಲಿ ಕೂತಿದ್ದರು.

"ಏಮ್ಮಾ ಮೇಡಮ್ಮೋರೆ, ಬಾಗುನ್ನಾರಾ? ಅಲ್ಲಿ ಊಟ ಸೇರ್ತದಾ?"

"ಸೇರುತ್ತೆ ಅಕ್ಕ. ಒಂದು ಮಾತು ಕೇಳ್ಬೇಕಿತ್ತು. ಕರೀ ಕಾಳು ಒಣಗಿಸಿ ಚೀಲಕ್ಕೆ ತುಂಬಿದ್ರಲ್ಲ, ನಾನು ಇಲ್ದಿದ್ದಾಗ. ಅದನ್ನೇನಾದ್ರೂ ಕೇರಿದ್ರಾ?"

"ಕೇರ್ದೆ ಹೆಂಗ್ ಕೊಡೋದು?" ಎಂದರು ನರಸಮ್ಮ. ನಾನು ಕೇಳಿದ್ದೇ ವಿಚಿತ್ರ ಎನ್ನುವ ಹಾಗೆ. "ಚಿಕ್ಕ ಮೊರದಾಗೆ ಮೆಲ್ಲಗೆ ಒನೆದು, ಕೇರಿ, ಆಮ್ಯಾಕೆ ಕೈಯಾಗೆ ಆರಿಸಿಬುಟ್ಟು ತುಂಬ್ದೆ. ಮುಟ್ಟಿದ್ರೆ ಪುಡಿ ಆಗ್ತಿತ್ತು ಕಣಮ್ಮ, ಆದ್ರೂ ಒಂದ್ ಕಾಳು ಒಡೆಯಾಕ್ ಬುಡ್ನಿಲ್ಲ. ಬ್ಯಾರೆಯೋರ ಮನೆಗೆ ಹೋಗೋ ಕಾಳು, ಅದ್ರಾಗೂ ಪರದೇಶಕ್ಕೆ. ಹೊಟ್ಟಿರೋ ಕಾಳು ಕೊಟ್ರೆ ಈ ಕಡೆ ಹೆಂಗಸ್ರಿಗೆ ಮೊರ ಹಿಡಿಯಾಕ್ ಬರಲ್ಲ ಅಂತಾರೆ ಕದಾ."

"ಹೊಟ್ಟು ಏನು ಮಾಡಿದ್ರಿ?"

"ತಿಪ್ಪೆಗಾಕ್ದೆ. ಇನ್ನೇನ್ ಮಾಡ್ತಾರೆ?"

ಸರಿ ಅಕ್ಕ, ಒಳ್ಳೇದು ಎಂದು ಫೋನು ಇಟ್ಟೆ. ನಮ್ಮ ಅಮ್ಮನೂ ಹಾಗೇ. ಪಕ್ಕದ ಮನೆಗೆ ಒಂದು ಪಾವು ಅವರೆಕಾಳು ಕಳಿಸಬೇಕಾದರೂ ಮೊರ ಕೈಗೆತ್ತಿಕೊಳ್ಳುತ್ತಿದ್ದಳು. ಮನೆಯವರು ತಿನ್ನುವುದರಲ್ಲಿ ಕಸ ಇರಬಹುದು, ಕೊಡುವುದರಲ್ಲಿ ಇರಕೂಡದು. ತೋವಿನಕೆರೆಯಲ್ಲಿ ಬೆಳೆದ ನನಗೆ ಇದು ಗೊತ್ತಿರಬೇಕಿತ್ತು. ಗೊತ್ತಿತ್ತು. ಅದಕ್ಕೇ ಡ್ರಮ್ಮಿನ ಹತ್ತಿರ ದಿನವೂ ನಾನು ನಿಂತಿರಬೇಕಿತ್ತು.

ನಾನು ನಿಂತಿರಲಿಲ್ಲ. ಕೆಳಗಿನ ಪದರ ಸಿಕ್ಕ ಹೊತ್ತಿಗೆ ಪಿಯು ಪರೀಕ್ಷೆಯ ಮೌಲ್ಯಮಾಪನಕ್ಕೆ ತುಮಕೂರಿಗೆ ಬರಬೇಕೆಂದು ಆದೇಶ ಬಂತು. ಹೋಗದಿದ್ದರೆ ನೋಟಿಸು. ಅಗೆತ ನಡೆಸುವವರಿಗೆ ಹೇಳಿದರೆ ನನ್ನ ಜಾಗಕ್ಕೆ ಬೇರೆಯವರನ್ನು ಹಾಕುತ್ತಾರೆ. ಹಾಗಾಗಿ ಯಾರಿಗೂ ಹೇಳದೆ, ಎಲ್ಲವನ್ನೂ ನರಸಮ್ಮನ ಕೈಗೆ ಒಪ್ಪಿಸಿ ಒಂಬತ್ತು ದಿನ ಹೋಗಿಬಂದೆ. ಬಂದ ಮೇಲೆ, ನಾನು ದಿನವೂ ಸಹಿ ಮಾಡಬೇಕಿದ್ದ ಮೇಲ್ವಿಚಾರಕರ ಪುಸ್ತಕದಲ್ಲಿ ಒಂಬತ್ತೂ ದಿನಕ್ಕೆ ಒಂದೇ ಪೆನ್ನಿನಲ್ಲಿ ಸಹಿ ಹಾಕಿದೆ. ಹೋಗುವ ಮುಂಚೆ ನೀರಿನ ಮಟ್ಟ ಹೇಳಿದ್ದೆ, ಇದ್ದಿಲಿನ ಚೀಲ ಹೇಳಿದ್ದೆ, ನೆರಳು ಹೇಳಿದ್ದೆ. ಹೊಟ್ಟು ಬಿಸಾಡಬೇಡಿ ಎಂದು ಹೇಳಿರಲಿಲ್ಲ.

ಹ್ಯಾರಿಯೆಟ್ ಅವರ ಕೋಣೆ

ಎರಡು ದಿನ ಸುಮ್ಮನಿದ್ದೆ. ಪ್ರಬಂಧ ಹಾಗೇ ಅಚ್ಚಾಗಲಿ, ನನಗೇನು ಎಂದೂ ಯೋಚಿಸಿದೆ. ಆದರೆ ನಮ್ಮ ಜನಕ್ಕೆ ಬಿತ್ತಲು ಬರುತ್ತಿರಲಿಲ್ಲ ಎಂಬ ಮಾತು ಒಂದು ಮೊರದ ಮೇಲೆ ನಿಂತಿದೆ ಎಂದು ಗೊತ್ತಾದ ಮೇಲೆ ಸುಮ್ಮನಿರಲು ಆಗಲಿಲ್ಲ. ಮೂರನೇ ದಿನ ಹೋಗಿ ಹೇಳಿದೆ. ಮೊರ ಎಂದರೆ ಏನು, ಕೇರುವುದು ಹೇಗೆ ಎಂದು ಒಂದು ಫೈಲನ್ನು ಎರಡು ಕೈಯಲ್ಲಿ ಹಿಡಿದು ತೋರಿಸಿದೆ.

ಹ್ಯಾರಿಯೆಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಎರಡು ವರ್ಷದ ಕೆಲಸ ಅವರದು.

"ನೀವು ಹೇಳದಿದ್ದರೆ ನಾನು ಇದನ್ನು ಪ್ರಕಟಿಸಿಬಿಡುತ್ತಿದ್ದೆ. ಬಹಳ ದೊಡ್ಡ ಉಪಕಾರ ಮಾಡಿದಿರಿ," ಎಂದರು.

ಆಮೇಲೆ ಒಂದು ನಮೂನೆ ತೆಗೆದರು. ಮಾದರಿಗಳು ಕೆಟ್ಟರೆ ಹೇಗೆ ಕೆಟ್ಟವು, ಯಾರಿಂದ ಕೆಟ್ಟವು ಎಂದು ಬರೆದಿಡುವುದು ಅಲ್ಲಿಯ ನಿಯಮ. ಕೇರಿದವರ ಹೆಸರೇನು ಎಂದು ಕೇಳಿದರು. ನರಸಮ್ಮ ಎಂದೆ. ಕಾಗುಣಿತ ಕೇಳಿದರು, ಒಂದೊಂದೇ ಅಕ್ಷರ ಹೇಳಿದೆ. ಮೂರು ವರ್ಷದಲ್ಲಿ ಆ ಅಗೆತದ ಯಾವ ವರದಿಯಲ್ಲೂ ಆ ಐವರಲ್ಲಿ ಒಬ್ಬರ ಹೆಸರೂ ಬಂದಿರಲಿಲ್ಲ. "ಸ್ಥಳೀಯ ಕೂಲಿಗಳು" ಎಂದು ಮಾತ್ರ ಇರುತ್ತಿತ್ತು. ಮೊದಲನೇ ಸಲ ಹೆಸರು ಬೇಕಾದದ್ದು ತಪ್ಪು ಹೊರಿಸುವುದಕ್ಕೆ.

ನಮೂನೆಯ ಕೆಳಗಿನ ಸಾಲು ಮೇಲ್ವಿಚಾರಕರದು, ಎಂದರೆ ನನ್ನದು. ಹ್ಯಾರಿಯೆಟ್ ಮೇಲ್ವಿಚಾರಕರ ಪುಸ್ತಕದ ಪ್ರತಿಯನ್ನು ಕಂಪ್ಯೂಟರಿನಲ್ಲಿ ತೆರೆದರು. ಒಂಬತ್ತು ದಿನ, ನನ್ನ ಒಂಬತ್ತು ಸಹಿ.

"ನೀವು ಅಲ್ಲೇ ಇದ್ದಿರಿ. ನಿಮ್ಮ ಕಣ್ಣಿಗೆ ಬೀಳಲಿಲ್ಲವೇ?"

ಇಲ್ಲಿ ಒಂದು ವಾಕ್ಯ ಹೇಳಿದ್ದರೆ ಮುಗಿಯುತ್ತಿತ್ತು. ಸುಳ್ಳು ಸಹಿ ಹಾಕಿದವಳಿಗೆ ಅಲ್ಲಿ ಯಾರೂ ಸೀಟು ಕೊಡುವುದಿಲ್ಲ ಎಂದು ನನಗೆ ಗೊತ್ತಿತ್ತು.

"ನಾನು ಊಟಕ್ಕೆ ಹೋದಾಗ ಮಾಡಿರಬೇಕು," ಎಂದೆ. "ನನಗೆ ಗೊತ್ತಾಗಲಿಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು. ತಪ್ಪು ಮಾಡಿದ ವಿದ್ಯಾರ್ಥಿಗಳ ಬಾಯಲ್ಲಿ ಇಂಥ ಮಾತನ್ನು ನೂರು ಸಲ ಕೇಳಿ, ಬಾಗಿಲ ಹೊರಗೆ ನಿಲ್ಲಿಸಿದವಳು ನಾನು. ಹ್ಯಾರಿಯೆಟ್ ತಲೆಯಾಡಿಸಿ ಅದನ್ನೇ ಬರೆದುಕೊಂಡರು.

ಸಭೆ

ಹಳೇ ಪ್ರಬಂಧ ಬಿಟ್ಟು ಹ್ಯಾರಿಯೆಟ್ ಹೊಸದನ್ನು ಶುರು ಮಾಡಿದರು. ಇಂದಿನವರ ಕೈಯ ಅಭ್ಯಾಸ ಹಳೇ ಕಾಲದ ಸಾಕ್ಷಿಯನ್ನು ಹೇಗೆ ಕೆಡಿಸಬಹುದು ಎಂಬುದು ಅದರ ವಿಷಯ. ಅವರ ಹೆಸರಿನ ಕೆಳಗೆ ನನ್ನ ಹೆಸರು. ತಿಂಗಳ ಕೊನೆಯಲ್ಲಿ ವಿಭಾಗದ ಸಭೆಯಲ್ಲಿ ಅದನ್ನು ಓದಿದರು. ನಾನು ಊರಿನಿಂದ ಒಯ್ದಿದ್ದ ಒಂದೇ ರೇಷ್ಮೆ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದೆ.

ಪರದೆಯ ಮೇಲೆ ಮೊರದ ಚಿತ್ರ ಬಂತು. ಅದರ ಪಕ್ಕದಲ್ಲಿ ನರಸಮ್ಮನ ಹೆಸರು ಬಂತು. ಸ್ಥಳೀಯ ಜ್ಞಾನ ಇರುವ ಸಂಶೋಧಕಿ ಇಲ್ಲದಿದ್ದರೆ ಈ ತಪ್ಪು ಎಂದಿಗೂ ಬೆಳಕಿಗೆ ಬರುತ್ತಿರಲಿಲ್ಲ ಎಂದು ಹ್ಯಾರಿಯೆಟ್ ನನ್ನ ಕಡೆ ಕೈ ತೋರಿಸಿದರು. ಚಪ್ಪಾಳೆ ಬಿತ್ತು. ಹಿಂದಿನಿಂದ ಯಾರೋ ಒಬ್ಬರು, ಇಂಥ ಕೆಲಸದವರಿಗೆ ಸರಿಯಾದ ತರಬೇತಿ ಕೊಡುವುದು ಹೇಗೆ ಎಂದು ಕೇಳಿದರು. ಇನ್ನೊಬ್ಬರು, ಅವರು ಸೋಪು ಹಾಕಿ ತೊಳೆದು ಕೊಡಲಿಲ್ಲ ಎನ್ನುವುದೇ ಪುಣ್ಯ ಎಂದರು. ಮೆಲ್ಲಗೆ ನಗು ಹರಡಿತು. ನಾನೂ ತುಟಿ ಅರಳಿಸಿದೆ. ಅಲ್ಲಿ ಕೂತವರೆಲ್ಲ ಬೆಳಿಗ್ಗೆ ಸೋಪಿನ ನೊರೆ ಅಂಟಿದ ತಟ್ಟೆಯಲ್ಲಿ ತಿಂದು ಬಂದವರು ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬಾಯಿ ಬಿಟ್ಟು ಹೇಳಲು ನನಗೆ ಯಾವ ಯೋಗ್ಯತೆ ಇತ್ತು.

ಟೀ ಕುಡಿಯುವಾಗ ಹ್ಯಾರಿಯೆಟ್ ಸೀಟು ನಿಮಗೇ ಎಂದರು. ಹಾಗಾದರೆ ಆ ಜನ ಬೇಸಾಯ ಮಾಡುತ್ತಿದ್ದರೋ ಇಲ್ಲವೋ ಎಂದು ಕೇಳಿದೆ.

"ಇನ್ನು ಅದು ಗೊತ್ತಾಗುವುದಿಲ್ಲ. ಕೆಳಗಿನ ಪದರ ಇದ್ದದ್ದು ಅಷ್ಟೇ, ಅದನ್ನು ಪೂರ್ತಿ ಅಗೆದು ಮುಗಿಸಿದ್ದೇವೆ."

ಅಗೆದ ಮಣ್ಣನ್ನು ಮತ್ತೆ ಅಗೆಯಲಾಗುವುದಿಲ್ಲ. ಆ ಹೊಟ್ಟು ನರಸಮ್ಮನ ತಿಪ್ಪೆಯಿಂದ ಗೊಬ್ಬರದ ಜೊತೆ ಯಾವ ಹೊಲಕ್ಕೆ ಹೋಯಿತೋ. ಕೊರಲೆ ಬಿತ್ತಿದವರು ಯಾರು ಎಂಬುದಕ್ಕೆ ನಮ್ಮ ಬಳಿ ಇದ್ದ ಒಂದೇ ಪುರಾವೆಯನ್ನು ನಾವೇ ಕಳೆದೆವು. ನಾವು ಎಂದು ಬರೆಯುವುದು ಸುಲಭ. ನಾನು ಕಳೆದೆ.

ವೈ.ಎನ್.ಹೊಸಕೋಟೆ

ಊರಿಗೆ ಬಂದ ವಾರದಲ್ಲೇ ಹೊಸಕೋಟೆಗೆ ಹೋದೆ. ಪಾವಗಡ ದಾಟಿದ ಮೇಲೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ನರಸಮ್ಮ ಅಂಗಳದಲ್ಲಿ ಬಳ್ಳಿಯಿಂದ ಕಡ್ಲೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ನೋಡಿ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಬಡವಾಗಿಬುಟ್ಟಿದ್ದೀರ ಕಣಮ್ಮ, ಅನ್ನ ಹಾಕ್ತಿದ್ರೋ ಇಲ್ವೋ ಎಂದರು.

ಅಚ್ಚಿಗೆ ಹೋಗುವ ಪ್ರಬಂಧದ ಪ್ರತಿ ನನ್ನ ಫೋನಿನಲ್ಲಿತ್ತು. ತೋರಿಸದೆ ಬಂದುಬಿಡಬಹುದಿತ್ತು. ತೋರಿಸಿದೆ.

"ಇಂಗ್ಲೀಸಾ?" ಎಂದು ನರಸಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನು ಹಿಡಿದರು. "ಯಾವ್ದು ನನ್ನ ಹೆಸ್ರು?"

ಬೆರಳಿಟ್ಟು ತೋರಿಸಿದೆ. ಅವರು ಆ ಅಕ್ಷರಗಳನ್ನು ಹತ್ತಿರಕ್ಕೆ ಹಿಡಿದು ನೋಡಿದರು. ಮುಖದಲ್ಲಿ ಸಂತೋಷವಿತ್ತು. ಅದನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ.

"ಏನಂತ ಬರ್ದವ್ರೆ?"

ಇದ್ದದ್ದು ಇದ್ದ ಹಾಗೆ ಹೇಳಿದೆ. ನರಸಮ್ಮ ಎಂಬ ಕೂಲಿಯಾಕೆ, ಮೇಲ್ವಿಚಾರಕರ ಗಮನಕ್ಕೆ ತಾರದೆ ಕಾಳನ್ನು ಕೇರಿದ್ದರಿಂದ ಹೊಟ್ಟು ನಾಶವಾಗಿ ಆ ಪದರದ ಮಾದರಿಗಳೆಲ್ಲ ಕೆಟ್ಟಿವೆ. ಹೊಟ್ಟು ಯಾಕೆ ಬೇಕಿತ್ತು ಎನ್ನುವುದನ್ನೂ ಆಗ ಹೇಳಿದೆ, ಮೂರು ವರ್ಷ ತಡವಾಗಿ.

ನರಸಮ್ಮ ಫೋನನ್ನು ನನ್ನ ಕೈಗೆ ಕೊಟ್ಟರು. "ಹೊಟ್ಟು ಬೇಕು ಅಂತ ಒಂದ್ ಮಾತು ಹೇಳಿದ್ರೆ ಎತ್ತಿಕ್ತಿದ್ನಲ್ಲಮ್ಮ," ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮತ್ತೆ ಹೋಗಿ ಬಳ್ಳಿಯ ಮುಂದೆ ಕೂತು ನಾಲ್ಕು ಕಾಯಿ ಬಿಡಿಸಿದರು. ಆಮೇಲೆ ತಲೆ ಎತ್ತಿದರು.

"ಅಲ್ಲಾ, ಆವಾಗ ನೀವು ತುಮ್ಕೂರಿಗೆ ಹೋಗಿದ್ರಿ ಕದಾ. ಪೇಪರ್ ತಿದ್ದಾಕೆ. ಅದ್ನೂ ಬರ್ದವ್ರಾ?"

"ಇಲ್ಲ."

"ಅವ್ರಿಗೆ ಗೊತ್ತಿಲ್ವೇನೋ. ನೀವ್ ಹೇಳ್ಲಿಲ್ವಾ?"

"ಇಲ್ಲ ಅಕ್ಕ."

ಬೈಯಬಹುದಿತ್ತು, ಪಾವಗಡದ ಕಡೆಯವರಿಗೆ ಬೈಗುಳಕ್ಕೆ ಎರಡು ಭಾಷೆ ಇದೆ. ಅವರು ಮಡಿಲಲ್ಲಿದ್ದ ಸಿಪ್ಪೆ ಕೊಡವಿಕೊಂಡರು.

"ಸರಿ ಬುಡಿ. ಮೂರು ಗಂಟೆಗೆ ಬಸ್ ಐತೆ ನಿಮ್ಗೆ," ಎಂದರು.

ಆ ಮನೆಯಿಂದ ಏನೂ ಕುಡಿಯದೆ ಎದ್ದು ಬಂದದ್ದು ಅದೇ ಮೊದಲು. ಬಸ್ಸು ಬಂದದ್ದು ಮೂರೂವರೆಗೆ.

ಮತ್ತೆ ಮಧುಗಿರಿ

ಮರುದಿನ ಹ್ಯಾರಿಯೆಟ್ ಅವರಿಗೆ ಎಲ್ಲವನ್ನೂ ಬರೆದು ಕಳಿಸಿದೆ. ಒಂಬತ್ತು ದಿನ, ತುಮಕೂರು, ಒಂದೇ ಪೆನ್ನಿನ ಸಹಿ, ಊಟಕ್ಕೆ ಹೋಗಿದ್ದೆ ಎಂದ ಸುಳ್ಳು. ತಪ್ಪಿಗೆ ಹೆಸರು ಹಾಕುವುದಾದರೆ ನನ್ನದನ್ನು ಹಾಕಿ, ನರಸಮ್ಮನದನ್ನು ತೆಗೆಯಿರಿ ಎಂದು ಕೇಳಿಕೊಂಡೆ. ಸೀಟು ಹೋಗುತ್ತದೆ ಎಂದು ಗಟ್ಟಿ ಮನಸ್ಸು ಮಾಡಿಕೊಂಡೆ. ನಿಜ ಹೇಳಬೇಕೆಂದರೆ, ಹೋಗಲಿ ಎಂದೂ ಅನಿಸಿತ್ತು. ಶಿಕ್ಷೆ ಆಯಿತು ಎಂದಾದರೂ ಆಗುತ್ತಿತ್ತು.

ನಾಲ್ಕನೇ ದಿನ ಉತ್ತರ ಬಂತು. ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ, ಪ್ರಬಂಧ ಅಚ್ಚಿಗೆ ಹೋಗಿ ಆಗಿದೆ. ಕೇರಿದ್ದು ಯಾರ ಕೈ ಎಂಬುದು ಬದಲಾಗುವುದಿಲ್ಲ, ಯಾರು ಎಲ್ಲಿದ್ದರು ಎಂಬ ವಿವರದಿಂದ ನಮ್ಮ ತೀರ್ಮಾನಕ್ಕೆ ಏನೂ ಆಗುವುದಿಲ್ಲ. ಇಂಥದ್ದು ಎಲ್ಲ ಅಗೆತದಲ್ಲೂ ನಡೆಯುತ್ತದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಸೀಟಿನ ಕಾಗದ ಇದರ ಜೊತೆಗಿದೆ, ಸಹಿ ಹಾಕಿ ಕಳಿಸಿ.

ಸಹಿ ಹಾಕಲಿಲ್ಲ ಎಂದು ಬರೆದರೆ ಓದುವ ನಿಮಗೆ ಸಮಾಧಾನವಾಗುತ್ತಿತ್ತು, ನನಗೂ ಆಗುತ್ತಿತ್ತು. ಹಾಕಿದೆ. ಮುಂದಿನ ತಿಂಗಳು ಹೊರಡುತ್ತೇನೆ.

ನರಸಮ್ಮನ ಹೆಸರು ಆ ಪುಟದಲ್ಲಿ ಹಾಗೇ ಇದೆ, ಇನ್ನು ಮುಂದೆಯೂ ಇರುತ್ತದೆ. ನನಗೆ ಮಾಡಲು ಉಳಿದಿರುವುದು ಅವರೂ ಓದುವ ಹಾಗೆ ಇಲ್ಲಿ ಬರೆಯುವುದಷ್ಟೇ. ಅವರು ಕನ್ನಡವನ್ನು ಕೂಡಿಸಿ ಕೂಡಿಸಿ ಓದುತ್ತಾರೆ, ಹಾಗಾಗಿ ಚಿಕ್ಕದಾಗಿ ಬರೆಯುತ್ತೇನೆ. ಕಾಳು ಕೆಟ್ಟದ್ದು ನರಸಮ್ಮನಿಂದ ಅಲ್ಲ. ಆ ಒಂಬತ್ತು ದಿನ ನಾನು ಅಲ್ಲಿ ಇರಲಿಲ್ಲ.